ಡ್ರಾಗುನೊವ್ ಗುಜರಿಗೆ ಹೋಗಬೇಕಿಲ್ಲ

ಯಲಹಂಕ ನ್ಯೂ ಟೌನಿನ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂರುವ ನನ್ನ ಮಿತ್ರರಲ್ಲಿ ಹಲವರು ನಿವೃತ್ತ ಯೋಧರು. ಹಳೆಯ ಡ್ರಾಗುನೊವ್ ಸ್ನೈಪರ್ ರೈಫಲ್ಲಿಗೆ ಹೊಸ ರೂಪ ಕೊಡುವುದು ದಂಡ, ಗುಜರಿಗೆ ಹಾಕಿ ಎಂಬುದು ಅವರ ವಾದ. ಅವರ ಸೇವೆಗೆ ಕೈಮುಗಿಯುತ್ತೇನೆ, ಈ ಮಾತನ್ನು ಮಾತ್ರ ಒಪ್ಪಲಾರೆ.

ಡ್ರಾಗುನೊವ್‌ನಂಥ ಸೆಮಿ-ಆಟೊಮ್ಯಾಟಿಕ್‌ಗೆ ಗುರಿ ನಿಲ್ಲುವುದಿಲ್ಲ ಎನ್ನುತ್ತಾರೆ. ಗುಂಡಿನ ಗ್ಯಾಸು ಪಿಸ್ಟನ್ನನ್ನು ತಳ್ಳಿ, ಬೋಲ್ಟ್ ಹಿಂದಕ್ಕೆ ಓಡುವಾಗ ಅಲುಗಾಟ ಇದ್ದೇ ಇದೆ. ಕೈಯಿಂದ ಬೋಲ್ಟ್ ಎಳೆಯುವ ರೈಫಲ್ಲಿನಷ್ಟು ನಿಖರತೆ ಇದಕ್ಕಿಲ್ಲ, ಒಪ್ಪಿದೆ. ಆದರೆ ಎಷ್ಟು ಬೇಕು? ಗುಂಡುಗಳು ಚದುರುವ ಕೋನದ ಅಳತೆ ಎಂಒಎ; ಎರಡು ಎಂಒಎ ಎಂದರೆ 400 ಮೀಟರಿನಲ್ಲಿ ಸುಮಾರು 23 ಸೆಂಟಿಮೀಟರ್ ವೃತ್ತ, ಊಟದ ತಟ್ಟೆಗಿಂತ ದೊಡ್ಡದಲ್ಲ. 1963ರಲ್ಲಿ ಸೋವಿಯತ್ ಸೇನೆ ಇದನ್ನು ತಂದದ್ದು ಪ್ಲಟೂನಿನ ಜೊತೆ ಓಡುವ ಗುರಿಕಾರನಿಗಾಗಿ. ಮೊದಲ ಗುಂಡು ತಪ್ಪಿದರೆ, ದುರ್ಬೀನಿನಿಂದ ಕಣ್ಣು ತೆಗೆಯದೆ ಅವನು ಎರಡನೆಯದನ್ನು ಹಾರಿಸಬಲ್ಲ. ಬೋಲ್ಟ್-ಆ್ಯಕ್ಷನ್ ಎಂ24 ಕೈಲಿದ್ದೂ ಅಮೆರಿಕದ ಸೇನೆ ಸೆಮಿ-ಆಟೊಮ್ಯಾಟಿಕ್ ಎಂ110 ತಂದುಕೊಂಡಿತಲ್ಲ!

2019ರಲ್ಲಿ ಗಡಿ ನಿಯಂತ್ರಣ ರೇಖೆಗೆ ಬೆರೆಟಾ, ಬ್ಯಾರೆಟ್ ಸ್ನೈಪರ್ ರೈಫಲ್‌ಗಳು ಬಂದವಲ್ಲ ಎನ್ನುತ್ತಾರೆ. ಬಂದವು. ಕಿಲೋಮೀಟರ್ ಆಚೆಗಿನ ಕೆಲಸಕ್ಕೆ.

ಹಳೇ ಗಾಡಿಗೆ ಹೊಸ ಬಣ್ಣ ಎಂಬ ಮಾತು ನನಗೆ ನಿಜಕ್ಕೂ ನೋವು ಕೊಡುತ್ತದೆ. ಡ್ರಾಗುನೊವ್‌ನ ಕೊರತೆ ಇರುವುದು ಮೈಯಲ್ಲಿ, ಎದೆಯಲ್ಲಲ್ಲ. ದುರ್ಬೀನಿನ ಹಿಡಿ ಎಡಪಕ್ಕಕ್ಕಿದೆ, ಮೂಲ ಪಿಎಸ್‌ಒ-1 ನಾಲ್ಕೇ ಪಟ್ಟು ಹಿಗ್ಗಿಸುತ್ತದೆ, ಭುಜಕ್ಕೆ ಒರಗುವ ಸ್ಟಾಕಿನ ಉದ್ದ ಬದಲಾಗದು. ದೊಡ್ಡ ದುರ್ಬೀನು ಕೂರಿಸಿದರೆ ಕಣ್ಣು ಮೇಲೇರಬೇಕು, ಕೆನ್ನೆಗೆ ಆಸರೆ ತಪ್ಪುತ್ತದೆ, ಕತ್ತು ಸೋಲುತ್ತದೆ. ನಮ್ಮ ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ರೂಪಿಸಿದ ಹೊಸ ಚೌಕಟ್ಟು ಕೈಹಾಕಿದ್ದು ಇಲ್ಲಿಗೇ: ಮೇಲ್ಗಡೆ ದುರ್ಬೀನು ಕೂರಿಸಲು ಉದ್ದದ ರೈಲು, ಹೊಂದಿಸಿಕೊಳ್ಳಬಹುದಾದ ಸ್ಟಾಕ್. ತಿರುಗಿ ಬೀಗ ಬೀಳುವ ಬೋಲ್ಟ್, ಗಿಡ್ಡ ಓಟದ ಪಿಸ್ಟನ್, ಹತ್ತು ಗುಂಡಿನ ಮ್ಯಾಗಜೀನ್ ಹಾಗೇ ಉಳಿಯುತ್ತವೆ.

ಸ್ಪ್ರಿಂಗ್ ಮಾಡುವವರಿಗೆ ಬಂದೂಕಿನ ಉಸಾಬರಿ ಯಾಕೆ ಎಂದರೊಬ್ಬರು. ಎಸ್‌ಎಸ್‌ಎಸ್ ಡಿಫೆನ್ಸ್‌ನ ಮೂಲ ಸ್ಪ್ರಿಂಗ್ ಉದ್ಯಮ, ಸರಿ. ಆದರೆ ಬೋಲ್ಟನ್ನು ಮುಂದಕ್ಕೆ ದೂಡುವುದೂ ಮ್ಯಾಗಜೀನಿನ ಗುಂಡನ್ನು ಮೇಲೆತ್ತುವುದೂ ಸ್ಪ್ರಿಂಗೇ. ಅದು ಸೋತರೆ ರೈಫಲ್ ಜಾಮ್. ವೈಪರ್, ಸೇಬರ್ ಎಂಬ ಎರಡು ಬೋಲ್ಟ್-ಆ್ಯಕ್ಷನ್ ಸ್ನೈಪರ್ ರೈಫಲ್‌ಗಳನ್ನು ವಿನ್ಯಾಸ ಮಾಡಿದವರೂ ಇವರೇ.

ಮಿತ್ರರೇ, ಬ್ಯಾರೆಲ್ಲಿಗೆ ಗೇಜು ಹಾಕಿ ನೋಡಿ. ಬ್ಯಾರೆಲ್ ಸವೆದದ್ದನ್ನು ಬಿಟ್ಟುಬಿಡಿ. ಸವೆಯದ್ದಕ್ಕೆ ಹೊಸ ಚೌಕಟ್ಟು ತೊಡಿಸಿ ಯೋಧನ ಕೈಗೆ ಕೊಡಿ.