ಪರದೆಯ ಮೇಲಿನ ಪ್ರಯೋಗಶಾಲೆ: ಒಪ್ಪುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಪ್ರೌಢಶಾಲೆಗಳಿಗೆ ಹೊಸದೊಂದು ಸರಕು ಬಿಕರಿಗೆ ಬಂದಿದೆ. ಅದರ ಹೆಸರು ವರ್ಚುವಲ್ ಲ್ಯಾಬ್. ಕಂಪ್ಯೂಟರಿನ ಪರದೆಯ ಮೇಲೆ ಬ್ಯಾಟರಿ, ತಂತಿ, ಬಲ್ಬು, ಮಸೂರ ಎಲ್ಲವೂ ಚಿತ್ರವಾಗಿ ಮೂಡುತ್ತವೆ. ಹುಡುಗ ಬೆರಳಾಡಿಸಿದರೆ ತಂತಿ ಕೂಡುತ್ತದೆ, ಬಲ್ಬು ಹೊತ್ತುತ್ತದೆ. ಇಂಥವುಗಳಲ್ಲಿ ಯಾವುದನ್ನು ಆರಿಸಬೇಕು, ಅದಕ್ಕೆ ದುಡ್ಡು ಕೊಡಬೇಕೆ ಬೇಡವೆ ಎಂಬುದು ಹೆಡ್‌ಮಾಸ್ತರರ ಕೋಣೆಯೊಳಗಿನ ವಿಷಯವೆಂದು ನಮ್ಮ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಕೂರುವವರು ಪೋಷಕರು. ಮಾರಿಕುಪ್ಪಂನಲ್ಲಿ ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಕಾರ್ಮಿಕನೂ, ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಗಳಲ್ಲಿ ಅಂಗಡಿ ಇಟ್ಟುಕೊಂಡಿರುವ ವರ್ತಕನೂ ಇದನ್ನು ಅರಿತು ಮಾತಾಡಬೇಕು.

ಒಳ್ಳೆಯದನ್ನು ಒಳ್ಳೆಯದೆಂದೇ ಹೇಳೋಣ. ತಂತಿಯಲ್ಲಿ ಎಲೆಕ್ಟ್ರಾನುಗಳು ಸಾಗುವುದನ್ನು ಯಾರ ಕಣ್ಣೂ ಕಾಣದು. ಪರದೆ ಅದರ ಚಿತ್ರ ಬರೆದು ತೋರಿಸುತ್ತದೆ. ಆಯಸ್ಕಾಂತದ ಬಲರೇಖೆಗಳನ್ನು ತೋರಿಸುತ್ತದೆ. ತಪ್ಪು ಜೋಡಿಸಿದರೆ ಉಪಕರಣ ಸುಡುವುದಿಲ್ಲ. ಹತ್ತು ಸಲ ಮಾಡಿ ನೋಡಬಹುದು. ಹತ್ತನೆಯ ತರಗತಿಯಲ್ಲಿ ಬೆಳಕು, ವಿದ್ಯುತ್ತು, ವಿದ್ಯುತ್ತಿನ ಕಾಂತೀಯ ಪರಿಣಾಮ ಪಾಠ ಮಾಡಿದ ಯಾವ ಉಪಾಧ್ಯಾಯನೂ ಈ ನೆರವನ್ನು ಬೇಡವೆನ್ನಲಾರ.

ಆದರೆ ಪರದೆ ತನ್ನೊಳಗೆ ತುಂಬಿದ್ದನ್ನಷ್ಟೇ ಹಿಂದಕ್ಕೆ ಕೊಡುತ್ತದೆ. ಅಲ್ಲಿ ಓಮನ ನಿಯಮ ಎಂದೂ ತಪ್ಪುವುದಿಲ್ಲ. ಲೆಕ್ಕದ ಗೆರೆ ಕಡ್ಡಿಯಂತೆ ನೇರವಾಗಿ ಬರುತ್ತದೆ. ನಿಜವಾದ ಮೇಜಿನ ಮೇಲೆ ಸೆಲ್ಲು ಸೊರಗಿರುತ್ತದೆ, ತಂತಿಯ ತುದಿಗೆ ಕಿಲುಬು ಹಿಡಿದಿರುತ್ತದೆ, ಅಮ್ಮೀಟರಿನ ಮುಳ್ಳು ಸೊನ್ನೆಗೆ ನಿಲ್ಲುವುದಿಲ್ಲ. ಬಲ್ಬಿನ ತಂತಿ ಕಾದಂತೆ ಅದರ ರೋಧ ಏರಿ ಗೆರೆಯೇ ಬಾಗುತ್ತದೆ. ಆಗ ಹುಡುಗಿ "ಯಾಕೆ ಸಾರ್?" ಎನ್ನುತ್ತಾಳೆ. ವಿಜ್ಞಾನದ ಪಾಠ ಅಲ್ಲಿಂದ ಶುರು.

ಇದಕ್ಕೆ ಸಾಕ್ಷಿ ಬೇಕಾದರೆ ನಮ್ಮ ಕಾಲ ಕೆಳಗೇ ಇದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ತಂತಿ ಎಳೆದು ವಿದ್ಯುಚ್ಛಕ್ತಿ ತಂದದ್ದು ಈ ಗಣಿಗಳಿಗಾಗಿ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. 1951ರಲ್ಲಿ ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ ಅವರು ಆಕಾಶದಿಂದ ಬೀಳುವ ವಿಶ್ವಕಿರಣಗಳನ್ನು ಅಳೆಯಲು ಈ ಗಣಿಗೆ ಇಳಿದರು. ಆಳಕ್ಕೆ ಹೋದಷ್ಟೂ ಮೇಲಿನ ಬಂಡೆ ಮಿಕ್ಕ ಕಣಗಳನ್ನು ತಡೆಯುತ್ತದೆ. ಬಂಡೆಯನ್ನು ಲೆಕ್ಕಿಸದೆ ತೂರಿ ಬರುವುದು ನ್ಯೂಟ್ರಿನೊ ಒಂದೇ. 1965ರಲ್ಲಿ ಮುಂಬಯಿಯ ಟಾಟಾ ಸಂಸ್ಥೆ, ಜಪಾನಿನ ಒಸಾಕ, ಇಂಗ್ಲೆಂಡಿನ ಡರ್ಹಾಂ ಇವುಗಳ ವಿಜ್ಞಾನಿಗಳು ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊವಿನ ಗುರುತು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲೂ ಅದು ಸಿಕ್ಕಿತು. ಅದಕ್ಕೆ ಮುಂಚೆ ಲೋಕದಲ್ಲಿ ಯಾರೂ ಅದನ್ನು ಕಂಡಿರಲಿಲ್ಲ. ಕಾರ್ಮಿಕರು ಕೊರೆದ ಸುರಂಗವಿಲ್ಲದಿದ್ದರೆ ಆ ಉಪಕರಣ ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಗಣಿ 2001ರಲ್ಲಿ ಮುಚ್ಚಿತು. ಆ ಕಾರ್ಮಿಕರ ಮೊಮ್ಮಕ್ಕಳು ಭೌತಶಾಸ್ತ್ರವನ್ನು ಬರಿಯ ಚಿತ್ರದಲ್ಲಿ ನೋಡಿ ತೃಪ್ತಿಪಡಬೇಕೆ?

ಪ್ರಯೋಗಶಾಲೆಯೇ ಇಲ್ಲದ ಬಡ ಶಾಲೆಗೆ ಪರದೆಯಾದರೂ ಇರಲಿ ಎನ್ನುವವರಿದ್ದಾರೆ. ಮಾತು ಕೇಳಲು ಕರುಣೆಯಿಂದ ತುಂಬಿದೆ. ಅದರ ಫಲವೇನು? ಶ್ರೀಮಂತರ ಶಾಲೆಯಲ್ಲಿ ಮೇಜೂ ಇರುತ್ತದೆ, ಪರದೆಯೂ ಇರುತ್ತದೆ. ನಮ್ಮ ಮಕ್ಕಳಿಗೆ ಪರದೆ ಮಾತ್ರ. ಒಬ್ಬ ಉಪಕರಣ ಹಿಡಿದು ಬೆಳೆಯುತ್ತಾನೆ, ಇನ್ನೊಬ್ಬ ಉಪಕರಣದ ಚಿತ್ರ ನೋಡಿ ಬೆಳೆಯುತ್ತಾನೆ. ಮುಂದೆ ಐ.ಟಿ.ಐ.ಗೋ ಕಾರ್ಖಾನೆಗೋ ಹೋದಾಗ ಈ ಭೇದ ಅವರ ಕೈಯಲ್ಲೇ ಕಾಣುತ್ತದೆ.

ಆದಕಾರಣ ಪರದೆ ಬರಲಿ, ಮೇಜಿನ ಜೊತೆಗೆ ಬರಲಿ. ಯಾವುದನ್ನು ತರಬೇಕೆಂಬುದಕ್ಕೆ ನಾಲ್ಕು ಪ್ರಶ್ನೆಗಳನ್ನು ಕೇಳಿರಿ.

ಒಂದು, ಬೆಲೆ ಎಷ್ಟು? ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ನೊಬೆಲ್ ಪಾರಿತೋಷಕ ಪಡೆದ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಫೆಟ್ ಎಂಬ ಸಂಗ್ರಹ ಶಾಲೆಗಳಿಗೆ ಪುಕ್ಕಟೆ. ನಮ್ಮ ದೇಶದಲ್ಲೇ ಅಮೃತ ವಿಶ್ವವಿದ್ಯಾಪೀಠವೂ ಸಿ-ಡ್ಯಾಕ್ ಸಂಸ್ಥೆಯೂ ಸೇರಿ 9ರಿಂದ 12ನೆಯ ತರಗತಿಯವರೆಗೆ ಮಾಡಿರುವ ಓಲ್ಯಾಬ್ಸ್ ಕೂಡ ಪುಕ್ಕಟೆ. ಹೀಗಿರುವಾಗ ವರ್ಷವರ್ಷವೂ ಚಂದಾ ಕೇಳುವವನು ಇವುಗಳಿಗಿಂತ ಹೆಚ್ಚೇನು ಕೊಡುತ್ತಾನೆಂದು ತೋರಿಸಲಿ. ಇಲ್ಲವಾದರೆ ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ಎರಡು, ಇಂಟರ್ನೆಟ್ ಇಲ್ಲದಾಗ ನಡೆಯುತ್ತದೆಯೆ? ಫೆಟ್ಟಿನ ಪ್ರಯೋಗಗಳನ್ನು ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತವೆ. ಪಾಠದ ನಡುವೆ ಪರದೆ ಸುಮ್ಮನೆ ಸುತ್ತುತ್ತ ನಿಂತರೆ ಪೀರಿಯಡ್ಡೇ ಹಾಳು.

ಮೂರು, ಮಕ್ಕಳ ಭಾಷೆ ಬರುತ್ತದೆಯೆ? ನಮ್ಮ ಊರಿನಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು ಮನೆಮಾತಿನ ಮಕ್ಕಳಿದ್ದಾರೆ. ಇಂಗ್ಲಿಷಿನ ಗುಂಡಿಗಳನ್ನು ಒತ್ತುವ ಮಗು ಕಲಿಯುವುದು ಗುಂಡಿ ಒತ್ತುವುದನ್ನೇ. ಫೆಟ್ಟಿನ ಹಲವು ಪ್ರಯೋಗಗಳು ಕನ್ನಡದಲ್ಲಿವೆ. ಉಳಿದುದನ್ನು ಉಪಾಧ್ಯಾಯರೇ ಅನುವಾದಿಸಲು ಅವಕಾಶವಿದೆ.

ನಾಲ್ಕು, ಎಷ್ಟು ದಿನ ಬಾಳುತ್ತದೆ? ಫ್ಲ್ಯಾಷ್ ಎಂಬ ತಂತ್ರವನ್ನು ನಂಬಿ ಮಾಡಿದ ಪಾಠಗಳು, 2020ರ ಕೊನೆಗೆ ಅದರ ಒಡೆಯ ಕಂಪೆನಿ ಅದನ್ನು ನಿಲ್ಲಿಸಿದಾಗ, ಬ್ರೌಸರಿನಲ್ಲಿ ತೆರೆಯದಾದವು. ಬೆಂಗಳೂರಿನ ಬೈಜೂಸ್ ಎಷ್ಟು ದೊಡ್ಡ ಕಂಪೆನಿ! ಅದೂ 2024ರಲ್ಲಿ ದಿವಾಳಿಯ ವಿಚಾರಣೆಗೆ ಸಿಕ್ಕಿತು. ಒಬ್ಬ ಮಾಲೀಕನ ಕೈಯಲ್ಲಿ ಬೀಗವಿರುವ ಪ್ರಯೋಗಶಾಲೆಗಿಂತ ಎಲ್ಲರೂ ತೆರೆದು ತಿದ್ದಬಹುದಾದದ್ದು ಲೇಸು. ನೆರೆಯ ಕೇರಳ ತನ್ನ ಸರಕಾರಿ ಶಾಲೆಗಳ ಕಂಪ್ಯೂಟರುಗಳನ್ನು ಇಂಥ ಮುಕ್ತ ತಂತ್ರಾಂಶದ ಮೇಲೆಯೇ ನಡೆಸಿಕೊಂಡು ಬಂದಿದೆ.

ಇನ್ನೊಂದು ಮಾತು. ಜರ್ಮನಿಯ ಆಖೆನ್ ವಿಶ್ವವಿದ್ಯಾನಿಲಯದವರ ಫೈಫಾಕ್ಸ್ ಎಂಬುದು ಮೊಬೈಲ್ ಫೋನನ್ನೇ ಅಳತೆಯ ಉಪಕರಣ ಮಾಡುತ್ತದೆ. ಲೋಲಕದ ತೂಗಾಟ, ಶಬ್ದದ ವೇಗ ಇವನ್ನು ನಿಜವಾಗಿಯೇ ಅಳೆಯಬಹುದು. ಅದಕ್ಕೂ ಕಾಸಿಲ್ಲ. ಒಂದು ಫೋನು ಇದ್ದರೆ ತರಗತಿಗೆಲ್ಲ ಸಾಕು.

ಹೀಗೆ ಉಳಿಯುವ ಹಣದಲ್ಲಿ ಸೆಲ್ಲು, ತಂತಿ, ಮಸೂರ, ಅಮ್ಮೀಟರು ತರಿಸಿರಿ. ಸೋಮವಾರ ಪರದೆಯ ಮೇಲೆ ಜೋಡಿಸಿದ ವಿದ್ಯುನ್ಮಂಡಲವನ್ನು ಮಂಗಳವಾರ ಮೇಜಿನ ಮೇಲೆ ಜೋಡಿಸಲಿ. ಎರಡರ ಲೆಕ್ಕ ಏಕೆ ಹೊಂದಲಿಲ್ಲವೆಂದು ಮಕ್ಕಳೇ ಬರೆಯಲಿ. ಉಪಕರಣಗಳ ಬೀರುವಿಗೆ ಬೀಗ ಬಿದ್ದಿದ್ದರೆ ಕೀಲಿ ಯಾರಲ್ಲಿದೆಯೆಂದು ಮುಂದಿನ ಸಮಿತಿ ಸಭೆಯಲ್ಲಿ ವಿಚಾರಿಸಿರಿ. ಅರ್ಧ ದಿನದ ಕೂಲಿ ಹೋದರೂ ಚಿಂತೆಯಿಲ್ಲ. ಆ ಸಭೆಗೆ ತಪ್ಪದೆ ಹೋಗಿರಿ.