ಉಪ್ಪು ಹೆಚ್ಚಾದಾಗ ಮಾತ್ರ ಬಾಯಿ ಬಿಡುವವರಿಗೆ

ಬಾದಾಮಿಯ ಬನಶಂಕರಿಗೆ ನೀವು ಹೋಗಿದ್ದರೆ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ‘ಊಟಾ ಮಾಡ್ರೀ’ ಎಂದು ಕರೆಯುವ ಹೆಣ್ಣುಮಕ್ಕಳನ್ನು ನೋಡಿರುತ್ತೀರಿ. ಜೋಳದ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು. ಉಂಡವರು ‘ಏನ್ ರುಚಿ ಐತಿ ಯವ್ವಾ!’ ಎಂದು ಬಾಯಿ ತುಂಬ ಹೊಗಳಿ ಏಳುತ್ತಾರೆ. ಅದೇ ರೊಟ್ಟಿಯನ್ನು ಮನೆಯಲ್ಲಿ ದಿನಾ ಬಡಿದು ಹಾಕುವವಳಿಗೆ ಈ ಮಾತು ಹೇಳಿ ಎಷ್ಟು ದಿನವಾಯಿತು?

ಹುನಗುಂದ ಕಡೆಯ ಒಬ್ಬ ತಾಯಿ ಮೈಕೈ ನೋವು, ನಿದ್ದೆ ಬರುವುದಿಲ್ಲ ಎಂದು ನನ್ನಲ್ಲಿಗೆ ಬಂದಿದ್ದರು. ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ ಕಡಿಮೆ ಇತ್ತು, ಕಬ್ಬಿಣಾಂಶದ ಮಾತ್ರೆ ಕೊಟ್ಟೆ. ಮೂರು ತಿಂಗಳಲ್ಲಿ ರಕ್ತ ಏರಿತು, ಸುಸ್ತು ಕಡಿಮೆಯಾಯಿತು, ನಿದ್ದೆ ಮಾತ್ರ ಬರಲಿಲ್ಲ. ಮಾತಿಗೆ ಕೂಡಿಸಿದಾಗ ಅವರು ಹೇಳಿದ್ದು ಇಷ್ಟೇ: ‘ಉಪ್ಪು ಹೆಚ್ಚಾದ ದಿನಷ್ಟ ನನ್ನ ಅಡಿಗಿ ಸುದ್ದಿ ಬರತೈತ್ರಿ ಡಾಕ್ಟ್ರ.’

ಅವರ ಮನೆಯಲ್ಲಿ ಇಳಕಲ್ ಸೀರೆಯ ಮಗ್ಗವಿದೆ. ಈ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ನೂಲು ಸುತ್ತುವುದು, ಕಂಡಿಕೆ ತುಂಬುವುದು ಮುಂತಾದ ತಯಾರಿಯ ಕೆಲಸ ಹೆಚ್ಚಾಗಿ ಮನೆಯ ಹೆಂಗಸರ ಪಾಲಿಗೆ. ಸೀರೆ ನೋಡಿದವರು ನೇಯ್ದವನನ್ನು ಹೊಗಳುತ್ತಾರೆ, ಕಂಡಿಕೆ ತುಂಬಿದವಳನ್ನು ಯಾರೂ ಕೇಳುವುದಿಲ್ಲ.

ಮೆಚ್ಚುಗೆಗೂ ಆರೋಗ್ಯಕ್ಕೂ ಏನು ಸಂಬಂಧ ಎನ್ನುವಿರಾ? ಅಮೆರಿಕದ ಮನೋವಿಜ್ಞಾನಿಗಳಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದುದು. ನರ-ಸ್ನಾಯು ರೋಗವಿದ್ದ ಕೆಲವರು 21 ದಿನ, ತಮಗೆ ಒದಗಿದ ಒಳಿತನ್ನು ದಿನವೂ ಬರೆದಿಟ್ಟರು. ಬರೆಯದವರಿಗಿಂತ ಇವರ ಮನಸ್ಸು ಹಗುರಾಗಿತ್ತು, ನಿದ್ದೆಯೂ ಚೆನ್ನಾಗಿತ್ತು. ಆದರೆ ಇದನ್ನು ರಾಮಬಾಣ ಎನ್ನಲಾರೆ. ಮುಂದೆ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಖಿನ್ನತೆ, ಆತಂಕಗಳ ಮೇಲೆ ಇದರ ಪರಿಣಾಮ ಸಣ್ಣದೆಂದೇ ಕಂಡುಬಂದಿದೆ. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿದ್ದರೆ ವೈದ್ಯರನ್ನು ಕಾಣಿರಿ, ಇಲ್ಲವೇ ಸರಕಾರದ ಟೆಲಿ-ಮಾನಸ್ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿರಿ. ರಕ್ತಹೀನತೆಗೆ ಮೆಚ್ಚುಗೆ ಔಷಧವಲ್ಲ, ಮಾತ್ರೆ ನುಂಗಲೇಬೇಕು.

ವಹಿಯಲ್ಲಿ ಬರೆಯುವುದಕ್ಕಿಂತ ಎದುರಿಗಿದ್ದವರಿಗೆ ಬಾಯಿಬಿಟ್ಟು ಹೇಳುವುದೇ ನಮ್ಮ ಮನೆಗಳಿಗೆ ಹೆಚ್ಚು ಒಗ್ಗೀತು ಎಂಬುದು ನನ್ನ ಅಭಿಪ್ರಾಯ. ನಮ್ಮಲ್ಲಿ ಪ್ರೀತಿಗೆ ಕೊರತೆಯಿಲ್ಲ. ಮನೆಯವರನ್ನು ಹೊಗಳಿದರೆ ದೃಷ್ಟಿ ತಾಕೀತು, ಸೊಕ್ಕು ಬಂದೀತು ಎಂಬ ಅಂಜಿಕೆಯೇ ದೊಡ್ಡದು. ದಿನಕ್ಕೊಂದು ಮಾತು ಸಾಕು. ‘ನೀ ಭಾಳ ಒಳ್ಳೇಕಿ’ ಎಂಬ ಸಾರಾಸಗಟು ಮಾತಿಗಿಂತ ‘ಇವತ್ತಿನ ಬದನಿಕಾಯಿ ಪಲ್ಯ ಛಲೋ ಆಗೈತಿ’ ಎಂಬುದು ಮನಸ್ಸಿಗೆ ನಾಟುತ್ತದೆ. ಕೆಲಸ ಕಂಡ ಕೂಡಲೇ ಹೇಳಿರಿ, ಹಿಂದೆ ‘ಆದರೆ’ ಸೇರಿಸಬೇಡಿರಿ. ಮಕ್ಕಳಿಗೂ ಅಷ್ಟೇ: 92 ಅಂಕ ತಂದ ಮಗುವಿಗೆ ಉಳಿದ 8 ಎಲ್ಲಿ ಎಂದು ಕೇಳುವ ತಂದೆಯರು ವಾರಕ್ಕೊಬ್ಬರಾದರೂ ನನ್ನ ಕಣ್ಣಿಗೆ ಬೀಳುತ್ತಾರೆ. ಹೊಗಳಿ ಹೊಗಳಿ ಕೆಲಸವನ್ನೆಲ್ಲ ಆಕೆಯ ಮೇಲೇ ಹೇರುವುದೂ ಉಂಟು, ಅದು ಮೆಚ್ಚುಗೆಯಲ್ಲ, ಜಾಣತನ. ಒಂದು ಕೊಡ ನೀರು ನೀವೂ ತನ್ನಿರಿ.

ಉಪದೇಶ ಸುಲಭ. ವರ್ಷಗಟ್ಟಲೆ ನನ್ನೊಡನೆ ದುಡಿದ ಕಂಪೌಂಡರಿಗೆ ನಾನು ಮೊದಲ ಸಲ ಹೀಗೊಂದು ಮಾತು ಹೇಳಿದ್ದು ಈ ಅಂಕಣ ಬರೆಯಲು ಕುಳಿತ ಮೇಲೆಯೇ.

ಆ ತಾಯಿಯ ಯಜಮಾನರನ್ನೂ ಕರೆಸಿ ಮಾತಾಡಿದ್ದೆ. ಮುಂದಿನ ಸಲ ಇಬ್ಬರೂ ಕೂಡಿಯೇ ಬಂದರು. ನಿದ್ದೆ ಹೇಗಿದೆ ಎಂದೆ. ‘ನಡುವ ಒಂದೆರಡು ಸಲ ಎಚ್ಚರ ಆಗತೈತ್ರಿ, ಮೊದಲಿನಂಗ ಇಲ್ಲ’ ಎಂದರು ಅವರು. ಯಜಮಾನರು ನಾಚುತ್ತಲೇ ವರದಿ ಒಪ್ಪಿಸಿದರು: ‘ನೀವು ಹೇಳಿದಂಗ ಹೇಳಿದೆರಿ, ಕಂಡಿಕಿ ಛಲೋ ತುಂಬೀದಿ, ಇವತ್ತ ಒಂದ್ ಎಳಿನೂ ಹರೀಲಿಲ್ಲ ಅಂತ. ಅದಕ್ಕ ಈಕಿ ನನ್ನ ಹಣಿ ಮುಟ್ಟಿ ನೋಡಿ, ಜ್ವರಾ ಬಂದಾವೇನ ಅಂದ್ಳರಿ.’