ಬೀಗ ಹಾಕಿ ಹಳೆಯದಾಗಿಸಿದ ಲೆಕ್ಕ

2015ರ ಏಪ್ರಿಲ್ ಬಿಸಿಲಿನಲ್ಲಿ ಕರ್ನಾಟಕದ ಶಾಲಾ ಮೇಷ್ಟರುಗಳು ಮನೆ ಮನೆ ತಿರುಗಿ ಐವತ್ತಕ್ಕೂ ಹೆಚ್ಚು ಪ್ರಶ್ನೆ ಕೇಳಿದರು. ಜಾತಿ ಯಾವುದು, ಎಷ್ಟು ಓದಿದ್ದೀರಿ, ಜಮೀನು ಎಷ್ಟಿದೆ. ಜನ ಮುಚ್ಚಿಡದೆ ಹೇಳಿದರು. ನೂರೈವತ್ತು ಕೋಟಿಗೂ ಹೆಚ್ಚು ರೂಪಾಯಿ ಖರ್ಚಾಯಿತು. ಎಚ್. ಕಾಂತರಾಜ ಅವರ ಆಯೋಗ ನಡೆಸಿದ ಆ ಸಮೀಕ್ಷೆಯ ವರದಿ ಮುಖ್ಯಮಂತ್ರಿಯ ಕೈ ಸೇರಿದ್ದು 2024ರ ಫೆಬ್ರವರಿಯಲ್ಲಿ, ನಂತರದ ಅಧ್ಯಕ್ಷ ಕೆ. ಜಯಪ್ರಕಾಶ ಹೆಗ್ಡೆಯವರ ಮೂಲಕ. ಸಂಪುಟದ ಮುಂದೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಎರಡೇ ತಿಂಗಳಲ್ಲಿ ಸರ್ಕಾರಕ್ಕೆ ಜ್ಞಾನೋದಯವಾಯಿತು: ಹತ್ತು ವರ್ಷಕ್ಕೊಮ್ಮೆ ಪಟ್ಟಿ ಪರಿಷ್ಕರಿಸಬೇಕೆಂದು 1995ರ ಕಾಯ್ದೆ ಹೇಳುತ್ತದೆ, ಅಂಕಿಅಂಶ ಹಳೆಯದಾಗಿದೆ, ಮತ್ತೆ ಎಣಿಸೋಣ!

ಹಾಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಒಡೆದ ಮೇಲೆ ಹಸುವನ್ನು ಬೈದಂತಾಯಿತು.

ನಡುವೆ ಕಾಂಗ್ರೆಸ್, ಮೈತ್ರಿ, ಬಿಜೆಪಿ ಎಲ್ಲ ಸರ್ಕಾರಗಳೂ ಬಂದುಹೋದವು. ಯಾರೂ ಬೀಗ ತೆಗೆಯಲಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಸಂಪುಟದ ಕಡತಗಳನ್ನು ತೀರ್ಮಾನ ಆಗುವವರೆಗೆ ಕೊಡಬೇಕಿಲ್ಲ, ಆದ ಮೇಲೆ ಬಹಿರಂಗಪಡಿಸಬೇಕು. ಉಪಾಯ ಸುಲಭ, ತೀರ್ಮಾನವನ್ನೇ ಮಾಡದಿದ್ದರಾಯಿತು.

ವರದಿ ಅವೈಜ್ಞಾನಿಕ ಎಂದು ಬಲಾಢ್ಯ ಸಮುದಾಯಗಳ ಸಂಘಟನೆಗಳು ಗುಡುಗಿದವು. ಇರಬಹುದು. ಆದರೆ ನೋಡದ ವರದಿಯನ್ನು ಪರೀಕ್ಷಿಸುವುದು ಹೇಗೆ? ವಿರೋಧಿಸುವವರೂ ಬೆಂಬಲಿಸುವವರೂ ಸೋರಿಕೆಯಾದ ಹಾಳೆಗಳನ್ನೇ ನಂಬಿ ಜಗಳಕ್ಕಿಳಿದರು. ವಾಟ್ಸಾಪಿನಲ್ಲಿ ಪ್ರತಿಯೊಂದು ಜಾತಿಯೂ ಹೇಳಿಕೊಳ್ಳುವ ಸಂಖ್ಯೆ ಕೂಡಿಸಿದರೆ ಕರ್ನಾಟಕವೊಂದೇ ಉತ್ತರ ಪ್ರದೇಶವನ್ನು ಹಿಂದಿಕ್ಕೀತು. ಗುಟ್ಟು ಗುಟ್ಟಾಗಿ ಉಳಿಯಲಿಲ್ಲ, ಗಾಳಿಸುದ್ದಿಯಾಯಿತು. ಗಾಳಿಸುದ್ದಿಯ ಪೈಪೋಟಿಯಲ್ಲಿ ಗೆಲ್ಲುವವರು ಮಠ, ಮಾಧ್ಯಮ, ಸಮಾವೇಶದ ಮೈದಾನ ಇರುವವರೇ. ಹೆಳವರಿಗೆ, ದೊಂಬಿದಾಸರಿಗೆ, ಗೊಂದಳಿಗರಿಗೆ ಅರಮನೆ ಮೈದಾನ ತುಂಬಿಸುವ ಶಕ್ತಿಯಿಲ್ಲ. ಸರ್ಕಾರಿ ಮುದ್ರೆಯಿರುವ ಒಂದು ಸಂಖ್ಯೆಯಷ್ಟೇ ಅವರ ಬಲವಾಗಬಹುದಿತ್ತು.

ನನ್ನ ಪಿಎಚ್.ಡಿ. ಅಲೆಮಾರಿ ಸಮುದಾಯಗಳ ಮಕ್ಕಳ ಶಾಲಾ ಶಿಕ್ಷಣದ ಬಗ್ಗೆ. 1931ರ ಜನಗಣತಿಯ ಮೈಸೂರು ಸಂಪುಟ ಕೂತಲ್ಲೇ ಸಿಗುತ್ತದೆ. ನಾನು ಪಿಯುಸಿಯಲ್ಲಿದ್ದಾಗ ನಮ್ಮ ಜಗಲಿಯಲ್ಲೇ ಕೂತು ಬರೆದುಕೊಂಡು ಹೋದದ್ದು ಸಿಗುವುದಿಲ್ಲ. ಅಡಿಟಿಪ್ಪಣಿಯಲ್ಲಿ ಏನು ಹಾಕಲಿ, 'ಸೋರಿಕೆಯ ಪ್ರಕಾರ' ಎಂದೇ?

ಪ್ರಕಟಿಸಿದರೆ ಸಮಾಜ ಒಡೆಯುತ್ತದೆ ಎನ್ನುತ್ತಾರೆ. ಬಿಹಾರ 2023ರ ಅಕ್ಟೋಬರ್ 2ರಂದು ತನ್ನ ಜಾತಿ ಲೆಕ್ಕ ಪ್ರಕಟಿಸಿತು. ಅದನ್ನು ಆಧರಿಸಿ ಶೇ. 65ಕ್ಕೆ ಏರಿಸಿದ ಮೀಸಲಾತಿಯನ್ನು ಪಾಟ್ನಾ ಹೈಕೋರ್ಟ್ ರದ್ದು ಮಾಡಿತು, ನಿಜ. ಲೆಕ್ಕ ಮಾತ್ರ ಜನರ ಕೈಯಲ್ಲೇ ಉಳಿಯಿತು. ಮನೆಯವರ ಹೆಸರು, ವಿಳಾಸ ಗುಟ್ಟಾಗಿರಲಿ, ಅದಕ್ಕೆ ನನ್ನ ತಕರಾರಿಲ್ಲ. ಒಂದು ತಾಲೂಕಿನ ಒಟ್ಟು ಮೊತ್ತ ಯಾರ ಖಾಸಗಿ ಸಂಗತಿ?

2025ರ ಸೆಪ್ಟೆಂಬರ್ 22ರಂದು ಮೇಷ್ಟರುಗಳು ಮತ್ತೆ ಮನೆ ಬಾಗಿಲು ತಟ್ಟಿದರು. ಹೊಸ ಲೆಕ್ಕ ಬರಲಿ. ಆದರೆ 2015ರ ಕೋಷ್ಟಕಗಳನ್ನು ತಾಲೂಕುವಾರು ಈಗಲೇ ಹೊರಗೆ ಬಿಡಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ, ಈ ಹತ್ತು ವರ್ಷದಲ್ಲಿ ಹೆಳವರ ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ದಾಟಿದರು ಎಂದು ನಾನು ಬರೆಯಲಾರೆ.